ಮಲ್ಪೆ ದ್ವೀಪದ ಆರು ಮೂಲೆ ಕಲ್ಲು: ಲಾವಾ ಸಮುದ್ರಕ್ಕೆ ಬಿದ್ದು ಆಗಿದ್ದಾ?

ಕಡಲತಡಿ_ಕಿಟ್ಟಿ
ಹೋದ ವಾರ ಮನೆಯವರೆಲ್ಲ ಮಲ್ಪೆಗೆ ಹೋಗಿದ್ದೆವು. ಬೋಟ್ ಹತ್ತಿ ಸೇಂಟ್ ಮೇರೀಸ್ ದ್ವೀಪಕ್ಕೂ ಹೋಗಿ ಬಂದೆವು. ಅಲ್ಲಿನ ಕಲ್ಲುಕಂಬ ನೋಡಿ ಎಂಟನೇ ಕ್ಲಾಸಿನ ಮಗಳು "ಅಪ್ಪಾ, ಇದನ್ನ ಯಾರು ಕೆತ್ತಿದ್ದು?" ಅಂತ ಕೇಳಿದಳು. ನಾನು ಜಂಬದಿಂದ "ಯಾರೂ ಕೆತ್ತಿಲ್ಲ, ಬಿಸಿ ಲಾವಾ ಸಮುದ್ರಕ್ಕೆ ಬಿತ್ತು, ಚುಂಯ್ ಅಂತ ತಣ್ಣಗಾಯಿತು, ಒಡೆದು ಕಂಬ ಆಯಿತು" ಅಂದೆ. ಬೋಟಿನಲ್ಲಿ ಪಕ್ಕ ಕೂತಿದ್ದವರೂ ಹೌದು ಹೌದು ಅಂತ ತಲೆ ಆಡಿಸಿದರು.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು: "ಬಿಸಿ ಗಾಜಿನ ಲೋಟಕ್ಕೆ ತಣ್ಣೀರು ಹಾಕಿದ್ರೆ ಹೇಗೆ ಬೇಕೋ ಹಾಗೆ ಚೂರಾಗತ್ತೆ. ಇದು ಯಾಕೆ ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ ಒಡೆದಿದೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ. ಇಲ್ಲಿ ಕಲ್ಲು ಗೊತ್ತಿರುವವರು ಯಾರಾದರೂ ಇದ್ದರೆ ಮಾನ ಉಳಿಸಿ.

ಸುಮ್ನೆಬಂದೆ
ಮಗಳನ್ನ ಇಲ್ಲಿಗೆ ಸೇರಿಸಿ. ನೀವು ಹೊರಗಿರಿ.

ಗುಂಡುಕಲ್ಲು
ಮಗಳಿಗೆ ನೂರಕ್ಕೆ ನೂರು. ನಿಮ್ಮ ಉತ್ತರ ಸುಮಾರು ಎಲ್ಲರೂ ಹೇಳುವ ಉತ್ತರ, ಆದರೆ ತಪ್ಪು. ಥಟ್ಟನೆ ತಣಿದರೆ ಕಂಬ ಆಗುವುದಿಲ್ಲ. ಪುಡಿ ಆಗುತ್ತದೆ, ಇಲ್ಲಾ ಗಾಜಿನಂಥ ಸಿಪ್ಪೆ ಕಟ್ಟುತ್ತದೆ. ಕಂಬ ಆಗಬೇಕಾದರೆ ನಿಧಾನ ಬೇಕು. ಎಷ್ಟು ನಿಧಾನ ಅಂದರೆ ವರ್ಷಗಟ್ಟಲೆ.

ಲಾವಾ ಹರಿದು ಒಂದು ತಗ್ಗಿನಲ್ಲಿ ದಪ್ಪಗೆ ನಿಂತಿತು ಅಂದುಕೊಳ್ಳಿ. ಮೇಲಿನ ಮುಖಕ್ಕೆ ಗಾಳಿ ತಾಗುತ್ತದೆ, ಕೆಳಗಿನ ಮುಖಕ್ಕೆ ತಣ್ಣನೆ ನೆಲ. ಮೊದಲು ಎರಡೂ ಕಡೆ ಗಟ್ಟಿಯಾಗುತ್ತದೆ, ಒಳಗೆ ಇನ್ನೂ ಕೆಂಡ. ಗಟ್ಟಿಯಾದ ಕಲ್ಲು ತಣ್ಣಗಾಗುತ್ತಾ ಕುಗ್ಗಲು ನೋಡುತ್ತದೆ. ಆದರೆ ಅಕ್ಕಪಕ್ಕದ ಕಲ್ಲಿಗೆ ಅಂಟಿಕೊಂಡಿದೆ, ಎಲ್ಲಿಗೆ ಕುಗ್ಗೀತು? ಎಳೆತ ಜಾಸ್ತಿಯಾಗಿ ಬಿರುಕು ಬಿಡುತ್ತದೆ. ಒಳಗಿನ ಕಲ್ಲು ತಣಿದ ಹಾಗೆ ಅದೇ ಬಿರುಕು ಇನ್ನಷ್ಟು ಒಳಕ್ಕೆ ಇಳಿಯುತ್ತದೆ. ಅಂದರೆ ಕಂಬ ಬೆಳೆಯುವುದಲ್ಲ, ಬಿರುಕು ಇಳಿಯುವುದು. ಬಿರುಕುಗಳ ನಡುವೆ ಉಳಿದದ್ದೇ ಕಂಬ.

ಸುಮ್ನೆಬಂದೆ
"ಉಳಿದದ್ದೇ ಕಂಬ" ಅನ್ನೋದು ಕೇಳಲು ಚೆನ್ನಾಗಿದೆ. ಆದರೆ ಆರು ಮೂಲೆ ಯಾಕೆ? ನಾಲ್ಕು ಮೂಲೆ ಯಾಕಲ್ಲ?

ಎರೆಹೊಲ
ನಮ್ಮ ಕಡೆ ಬೇಸಿಗೆಯಲ್ಲಿ ಕೆರೆ ಅಂಗಳ ಒಣಗಿದಾಗ ನೋಡಿ, ಹೀಗೇ ಬಿರುಕು ಬಿಡುತ್ತದೆ. ಎರೆ ಹೊಲದಲ್ಲಂತೂ ದನದ ಕಾಲು ಸಿಗುವಷ್ಟು ಅಗಲ. ಅದರಲ್ಲಿ ಏನು ವಿಜ್ಞಾನ?

ಗುಂಡುಕಲ್ಲು
ಅದರಲ್ಲೇ ಎಲ್ಲ ವಿಜ್ಞಾನ ಇರುವುದು, ಎರೆಹೊಲ ಅವರೇ. ಕೆರೆ ಅಂಗಳದ ಬಿರುಕನ್ನು ಬಗ್ಗಿ ನೋಡಿ. ಮೊದಲು ಒಂದು ಉದ್ದನೆ ಬಿರುಕು ಬರುತ್ತದೆ. ಆಮೇಲೆ ಬಂದ ಬಿರುಕು ಅದಕ್ಕೆ ನೇರವಾಗಿ ಬಂದು ಗುದ್ದಿ ನಿಲ್ಲುತ್ತದೆ. ಮೂಲೆ 90 ಡಿಗ್ರಿ. ಹಾಗಾಗಿ ಮಣ್ಣಿನ ಹೆಂಟೆಗಳು ಹೆಚ್ಚುಕಡಿಮೆ ಚೌಕ ಚೌಕ.

ಲಾವಾದ ಮೇಲ್ಮುಖದಲ್ಲೂ ಶುರು ಹೀಗೇ ಒರಟು. ಆದರೆ ಬಿರುಕು ಒಂದೇ ಸಲ ಕೆಳಗೆ ಹೋಗುವುದಿಲ್ಲ, ಒಂದಿಷ್ಟು ಇಳಿದು ನಿಲ್ಲುತ್ತದೆ. ಕೆಳಗಿನದು ತಣಿದ ಮೇಲೆ ಮತ್ತೊಂದು ಜಿಗಿತ. ಪ್ರತಿ ಜಿಗಿತಕ್ಕೂ ಮೂಲೆ ಸ್ವಲ್ಪ ಸರಿಯುತ್ತದೆ. ಎಷ್ಟೋ ಜಿಗಿತ ಆದ ಮೇಲೆ ಮೂರು ಬಿರುಕು ಸೇರುವ ಕಡೆ ಮೂರೂ ಕೋನ ಸಮ ಆಗುತ್ತದೆ, 120 ಡಿಗ್ರಿ. 120 ಡಿಗ್ರಿ ಮೂಲೆಗಳನ್ನೇ ಜೋಡಿಸುತ್ತಾ ಹೋದರೆ ಆರು ಮೂಲೆಯ ಮನೆ ಬರುತ್ತದೆ, ಜೇನು ಹುಟ್ಟಿನ ಹಾಗೆ. ಕಡಿಮೆ ಬಿರುಕಿನಲ್ಲಿ ಹೆಚ್ಚು ಎಳೆತ ಇಳಿಸುವ ದಾರಿ ಅದು.

ಜಿಗಿತದ ಗುರುತು ಕಂಬದ ಪಕ್ಕೆಯ ಮೇಲೆ ಅಡ್ಡ ಪಟ್ಟಿಗಳಾಗಿ ಉಳಿಯುತ್ತದೆ. ಉಳಿಯಿಂದ ಹೊಡೆದ ಗುರುತಿನ ಹಾಗೆ ಕಾಣುವುದರಿಂದ ಭೂವಿಜ್ಞಾನಿಗಳೂ ಅದನ್ನು ಉಳಿ ಗುರುತು ಅಂತಲೇ ಕರೆಯುತ್ತಾರೆ. ಹಾಗಾಗಿ "ಯಾರು ಕೆತ್ತಿದ್ದು" ಅನ್ನುವ ಪ್ರಶ್ನೆಯೂ ಅಷ್ಟು ದಡ್ಡ ಪ್ರಶ್ನೆ ಅಲ್ಲ.

ಲೆಕ್ಕದಮೇಷ್ಟ್ರು
ಒಂದು ತಕರಾರು. ಎಲ್ಲರೂ ಆರು ಮೂಲೆ ಆರು ಮೂಲೆ ಅಂತೀರಿ. ನಾನು ಮಲ್ಪೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗಿ ಎಣಿಸಿದ್ದೇನೆ. ಐದು ಮೂಲೆ ಬೇಕಾದಷ್ಟಿವೆ. ನಾಲ್ಕು, ಏಳೂ ಇವೆ. ಪೋಸ್ಟ್‌ಕಾರ್ಡಿನಲ್ಲಿ ಹಾಕುವ ಕಂಬ ಮಾತ್ರ ಆರು ಮೂಲೆ.

ಗುಂಡುಕಲ್ಲು
ಸರಿ ಮೇಷ್ಟ್ರೇ, ಒಪ್ಪಿದೆ. ಜಗತ್ತಿನಲ್ಲೇ ಹೆಸರಾದ ಉತ್ತರ ಐರ್ಲೆಂಡಿನ ಜೈಂಟ್ಸ್ ಕಾಸ್‌ವೇಯಲ್ಲೂ ಆರು ಮೂಲೆಯವು ಹೆಚ್ಚುಕಡಿಮೆ ಅರ್ಧದಷ್ಟು. ಉಳಿದವುಗಳಲ್ಲಿ ಐದು ಮೂಲೆಯದೇ ಮೇಲುಗೈ. ಪ್ರಕೃತಿ ಆರರ ಕಡೆಗೆ ಹೊರಟಿರುತ್ತದೆ, ತಲುಪೇ ತಲುಪುತ್ತದೆ ಅಂತ ಅಲ್ಲ.

ಬಂದರುಬಾಬಣ್ಣ
ನಾನು ಆ ಕಡೆಯವನೇ. ನಾವು ಅದನ್ನು ತೋನ್ಸೆಪಾರ್ ಅಂತೀವಿ. ಸೇಂಟ್ ಮೇರಿ ಅನ್ನೋದು ವಾಸ್ಕೋ ಡ ಗಾಮಾ 1498ರಲ್ಲಿ ಅಲ್ಲಿ ಇಳಿದು ಇಟ್ಟ ಹೆಸರು ಅಂತ ಕಥೆ. ಅದಿರಲಿ. ಇಷ್ಟೆಲ್ಲ ಹೇಳಿದಿರಿ, ಆದರೆ ಸುತ್ತ ಸಮುದ್ರವೇ ಇದೆಯಲ್ಲ? ನೀರು ತಾಗಲೇ ಇಲ್ಲ ಅಂದರೆ ನಂಬೋದು ಹೇಗೆ? ನಾನು ಚಿಕ್ಕವನಿದ್ದಾಗಿನಿಂದ ಕೇಳಿದ್ದು ನೀರು ತಾಗಿ ಆಗಿದ್ದು ಅಂತಲೇ.

ಗುಂಡುಕಲ್ಲು
ಬಾಬಣ್ಣ, ಆ ಲಾವಾ ಹರಿದದ್ದು ಸುಮಾರು 8.5ರಿಂದ 9 ಕೋಟಿ ವರ್ಷದ ಹಿಂದೆ. ಆಗ ಅರಬ್ಬಿ ಸಮುದ್ರವೇ ಈಗಿನ ರೂಪದಲ್ಲಿ ಇರಲಿಲ್ಲ. ಮಡಗಾಸ್ಕರ್ ನಮ್ಮ ಪಶ್ಚಿಮ ಕರಾವಳಿಗೆ ಅಂಟಿಕೊಂಡಿತ್ತು, ಆಗಷ್ಟೇ ಕಿತ್ತುಕೊಳ್ಳುತ್ತಿತ್ತು. ಅದೇ ಸೀಳಿನಲ್ಲಿ ಬಂದ ಲಾವಾ ಇದು. ಅದೇ ವಯಸ್ಸಿನ ಜ್ವಾಲಾಮುಖಿ ಕಲ್ಲು ಮಡಗಾಸ್ಕರಿನಲ್ಲೂ ಇದೆ. ಮಲ್ಪೆಯ ಲಾವಾ ಗಾಳಿಗೆ ತೆರೆದ ನೆಲದ ಮೇಲೆ ತಣಿದದ್ದು ಅಂತ ಕಲ್ಲೇ ಹೇಳುತ್ತದೆ.

ನೀರಿನೊಳಗೆ ತಣಿದ ಲಾವಾ ಹೇಗಿರುತ್ತದೆ ಅಂತ ನೋಡಬೇಕಾದರೆ ಚಿತ್ರದುರ್ಗದ ಮರಡಿಹಳ್ಳಿಗೆ ಹೋಗಿ. ಅಲ್ಲಿ ದಿಂಬು ಲಾವಾ ಇದೆ. ನೀರು ತಾಗಿದ ಕೂಡಲೇ ಹೊರಗೆ ಸಿಪ್ಪೆ ಕಟ್ಟುತ್ತದೆ, ಒಳಗಿನ ಬಿಸಿ ಲಾವಾ ಸಿಪ್ಪೆ ಸೀಳಿ ಮುಂದೆ ಮತ್ತೊಂದು ಉಂಡೆ ಕಟ್ಟುತ್ತದೆ. ಮೂಟೆ ಮೇಲೆ ಮೂಟೆ ಒಟ್ಟಿದ ಹಾಗೆ. ಮಲ್ಪೆ, ಮರಡಿಹಳ್ಳಿ ಎರಡೂ ನಮ್ಮ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳು. ಒಂದು ಒಣ ನೆಲದ ಲಾವಾ, ಇನ್ನೊಂದು ನೀರಿನದು. ಎರಡನ್ನೂ ಒಂದೇ ರಜೆಯಲ್ಲಿ ನೋಡಿದರೆ ಈ ಜಗಳವೇ ಇರುವುದಿಲ್ಲ.

ಬಂದರುಬಾಬಣ್ಣ
ಹಾಗಾದರೆ ಸಮುದ್ರ ಏನೂ ಮಾಡಿಲ್ಲವಾ?

ಗುಂಡುಕಲ್ಲು
ಮಾಡಿದೆ. ಮುಚ್ಚಳ ತೆಗೆದಿದೆ. ಲಾವಾ ತಣಿದಾಗ ಮೇಲೆ ಕೆಲಸಕ್ಕೆ ಬಾರದ ಒರಟು ಪದರ ಇರುತ್ತದೆ. ಕಂಬಗಳು ಅದರ ಕೆಳಗೆ, ಹೊಟ್ಟೆಯೊಳಗೆ. ಕೋಟಿಗಟ್ಟಲೆ ವರ್ಷ ಮಳೆ, ಬಿಸಿಲು ಆ ಪದರವನ್ನು ತಿಂದಿವೆ. ಅಲೆ ಬಿರುಕಿನೊಳಗೆ ನುಗ್ಗಿ ಒಂದೊಂದೇ ತುಂಡು ಕಿತ್ತಿದೆ. ಕಂಬಕ್ಕೆ ಅಡ್ಡ ಬಿರುಕೂ ಇರುವುದರಿಂದ ಒಂದು ಮೊಣಕಾಲೆತ್ತರದಲ್ಲಿ ಮುರಿದಿರುತ್ತದೆ, ಪಕ್ಕದ್ದು ಎದೆಮಟ್ಟ. ಅದಕ್ಕೇ ಮೆಟ್ಟಿಲಿನ ಹಾಗೆ ಕಾಣುವುದು.

ಪುಟಾಣಿಪ್ರೊಫೆಸರ್
ಗುಂಡುಕಲ್ಲು ಅವರು ನೀರನ್ನು ಪೂರ್ತಿ ಹೊರಗಿಟ್ಟಿದ್ದು ನನಗೆ ಒಪ್ಪಿಗೆಯಿಲ್ಲ. ಲಾವಾದ ಮೇಲೆ ಮಳೆ ಬಿದ್ದರೆ, ಇಲ್ಲಾ ನದಿ ಹರಿದರೆ, ನೀರು ಬಿರುಕಿನೊಳಗೆ ಇಳಿದು ಕುದಿದು ಆವಿಯಾಗಿ ಶಾಖವನ್ನು ಹೊತ್ತುಕೊಂಡು ಹೋಗುತ್ತದೆ. ಕಂಬ ಆಗಲು ಇದು ಸಹಾಯವೇ. ಐಸ್‌ಲ್ಯಾಂಡಿನಲ್ಲೂ ಬೇರೆ ಕಡೆಯೂ ಒಂದೇ ಲಾವಾ ಹರಿವಿನಲ್ಲಿ ಎರಡು ಥರದ ಕಂಬ ಕಾಣುತ್ತದೆ. ಕೆಳಗೆ ದಪ್ಪನೆ ನೆಟ್ಟಗಿನ ಕಂಬಗಳು. ಮೇಲೆ ಸಣ್ಣ ಸಣ್ಣ, ಸೊಟ್ಟ, ಕೆದರಿದ ಕೂದಲಿನಂಥವು. ಆ ಕೆದರಿದ ಭಾಗ ನೀರು ನುಗ್ಗಿ ಬೇಗ ತಣಿದದ್ದು.

ಗುಂಡುಕಲ್ಲು
ಹೌದು, ಇದು ನ್ಯಾಯವಾದ ತಿದ್ದುಪಡಿ. ನಾನು ಬೇಡ ಅಂದಿದ್ದು ಬಿಸಿ ಲಾವಾವನ್ನು ಸಮುದ್ರಕ್ಕೆ ಅದ್ದುವ ಕಥೆ. ಬಿರುಕಿನೊಳಗೆ ನೀರು ಇಳಿಯುವುದು ಬೇರೆ. ಸೂತ್ರ ಒಂದೇ: ಬೇಗ ತಣಿದರೆ ಸಣ್ಣ ಕಂಬ, ನಿಧಾನ ಆದರೆ ದಪ್ಪ ಕಂಬ.

ಸುಮ್ನೆಬಂದೆ
"ನಿಧಾನ" ಅಂದರೆ ಎಷ್ಟಪ್ಪಾ? ಅನ್ನ ಆರುವಷ್ಟಾ, ಸರ್ಕಾರಿ ಫೈಲು ಓಡುವಷ್ಟಾ?

ಪುಟಾಣಿಪ್ರೊಫೆಸರ್
ಹವಾಯಿಯ ಕಿಲಾವೇಯಾ ಇಕಿ ಕುಳಿಯಲ್ಲಿ 1959ರಲ್ಲಿ ಲಾವಾ ತುಂಬಿ ನೂರು ಮೀಟರಿಗೂ ಹೆಚ್ಚು ಆಳದ ಕೆರೆ ಆಯಿತು. ವಿಜ್ಞಾನಿಗಳು ಅದರ ಮೇಲ್ಪದರದ ಮೇಲೆ ನಿಂತು ಮತ್ತೆ ಮತ್ತೆ ಬೋರ್ ಕೊರೆದು ನೋಡುತ್ತಾ ಬಂದರು. ಒಳಗೆ ಪೂರ್ತಿ ಗಟ್ಟಿಯಾಗಲು 1990ರ ದಶಕದ ಮಧ್ಯದವರೆಗೆ ಹಿಡಿಯಿತು. ಗಟ್ಟಿಯಾಗಿದ್ದು ಅಷ್ಟೇ, ತಣ್ಣಗಾಗಿದ್ದಲ್ಲ. ಫೈಲಿನ ಲೆಕ್ಕವೇ ಹತ್ತಿರ.

ಇನ್ನೊಂದು ಲೆಕ್ಕ. ಬಿರುಕು ಎಷ್ಟು ಬಿಸಿಯಲ್ಲಿ ಬೀಳುತ್ತದೆ ಅನ್ನುವುದನ್ನು ಲಿವರ್‌ಪೂಲ್ ವಿಶ್ವವಿದ್ಯಾಲಯದವರು ಐಸ್‌ಲ್ಯಾಂಡಿನ ಬಸಾಲ್ಟ್ (ಲಾವಾ ತಣಿದು ಆಗುವ ಕರಿಕಲ್ಲು) ತಂದು ಪ್ರಯೋಗಾಲಯದಲ್ಲಿ ಕಾಯಿಸಿ, ಎರಡೂ ತುದಿ ಬಿಗಿಹಿಡಿದು ತಣಿಸಿ ನೋಡಿದರು. 2018ರಲ್ಲಿ ಬಂದ ಫಲಿತಾಂಶ: 840ರಿಂದ 890 ಡಿಗ್ರಿ ಸೆಲ್ಸಿಯಸ್. ಬಸಾಲ್ಟ್ ಪೂರ್ತಿ ಗಟ್ಟಿಯಾಗುವುದು ಸುಮಾರು 980ಕ್ಕೆ. ಅಂದರೆ ಗಟ್ಟಿಯಾಗಿ ಸುಮಾರು ನೂರು ಡಿಗ್ರಿ ಇಳಿಯುವಷ್ಟರಲ್ಲೇ ಒಡೆಯಿತು. ಕಲ್ಲು ಇನ್ನೂ ಕೆಂಪಗೆ ಹೊಳೆಯುತ್ತಿರುವಾಗಲೇ ಕಂಬ ತಯಾರು.

ಕಡಲತಡಿ_ಕಿಟ್ಟಿ
ಕೆಂಪಗಿರುವಾಗಲೇ?! ಇದನ್ನು ಮಗಳಿಗೆ ಓದಿ ಹೇಳಿದೆ. "ಹಾಗಾದ್ರೆ ಕಂಬ ಆದ್ಮೇಲೆ ನೀರು ಬಂದ್ರೂ ಏನೂ ಆಗಲ್ಲ ಅಲ್ವಾ" ಅಂದಳು. ನಾನು ಇನ್ನು ಬಾಯಿ ಬಿಡುವುದಿಲ್ಲ.

ಹಂಪಿಹುಡುಗ
ನಮ್ಮ ಹಂಪಿಯಲ್ಲೂ ಇಂಥ ಕಲ್ಲು ಬೇಕಾದಷ್ಟಿವೆ. ಯಾರೂ ಮಾತಾಡಲ್ಲ.

ಲೆಕ್ಕದಮೇಷ್ಟ್ರು
ಹಂಪಿಯದು ಗ್ರಾನೈಟ್, ಗುಂಡು ಬಂಡೆ. ಅದರಲ್ಲಿ ಕಂಬ ಎಲ್ಲಿದೆ? ವಿಠ್ಠಲ ದೇವಸ್ಥಾನದಲ್ಲಿ ಇದೆ, ಅದನ್ನು ಶಿಲ್ಪಿಗಳು ಕೆತ್ತಿದ್ದು.

ಹಂಪಿಹುಡುಗ
ಸರಿ ಮೇಷ್ಟ್ರೇ, ಬೆಂಚ್ ಮೇಲೆ ನಿಲ್ಲಲಾ?

ಎರೆಹೊಲ
ನನ್ನ ಪ್ರಶ್ನೆಗೂ ಉತ್ತರ ಕೊಡಿ. ವಿಜಯಪುರ ಕಡೆ ಇಡೀ ನೆಲದ ಕೆಳಗೆ ಕರಿಕಲ್ಲೇ. ಗೋಲಗುಮ್ಮಟವನ್ನೂ ಅದರಲ್ಲೇ ಕಟ್ಟಿದ್ದು. ಅದೂ ಲಾವಾ ಅಂತ ಓದಿದ್ದೇನೆ. ಮತ್ತೆ ನಮ್ಮಲ್ಲಿ ಯಾಕೆ ಕಂಬ ಇಲ್ಲ? ನಾನು ರಸ್ತೆ ಕೆಲಸದಲ್ಲಿ ಇದ್ದವನು, ಎಷ್ಟೋ ಕಡೆ ಗುಡ್ಡ ಕಡಿದಿದ್ದೇವೆ. ಸಿಕ್ಕಿದ್ದೆಲ್ಲ ಗುಂಡು ಕಲ್ಲು. ಸುತ್ತಿಗೆಯಿಂದ ಬಡಿದರೆ ಈರುಳ್ಳಿ ಸಿಪ್ಪೆ ಬಿಚ್ಚಿದ ಹಾಗೆ ಪದರ ಪದರ ಉದುರುತ್ತದೆ, ನಡುವೆ ಕಬ್ಬಿಣದಂಥ ಗಟ್ಟಿ ಉಂಡೆ.

ಗುಂಡುಕಲ್ಲು
ಎಲ್ಲಾ ಹರಿವಿನಲ್ಲೂ ಅಚ್ಚುಕಟ್ಟು ಕಂಬ ಬರುವುದಿಲ್ಲ. ದಪ್ಪವಾಗಿ ಒಂದೇ ಕಡೆ ನಿಂತು ಕದಲದೆ ತಣಿಯಬೇಕು. ನಿಮ್ಮ ಕಡೆಯ ದಖ್ಖನ್ ಲಾವಾ ಎಷ್ಟೋ ಕಡೆ ತೆಳು ತೆಳುವಾಗಿ ಒಂದರ ಮೇಲೊಂದು ಹರಿದಿದೆ. ಕಲ್ಲೊಳಗೆ ಗಾಳಿಗುಳ್ಳೆಯ ತೂತುಗಳೂ ಜಾಸ್ತಿ.

ನಿಮಗೆ ಸಿಕ್ಕ ಈರುಳ್ಳಿ ಕಲ್ಲು ಕೂಡ ಇದೇ ಬಿರುಕಿನ ಮಗು. ನೆಟ್ಟಗಿನ ಬಿರುಕು, ಅಡ್ಡ ಬಿರುಕು ಎರಡೂ ಸೇರಿ ಕಲ್ಲನ್ನು ಪೆಟ್ಟಿಗೆ ಪೆಟ್ಟಿಗೆ ಮಾಡುತ್ತವೆ. ನೀರು ಬಿರುಕಿನಲ್ಲಿ ಇಳಿದು ಪೆಟ್ಟಿಗೆಯನ್ನು ಎಲ್ಲಾ ಕಡೆಯಿಂದ ಕೊಳೆಸುತ್ತದೆ. ಮೂಲೆಗೆ ಮೂರು ಕಡೆಯಿಂದ ಪೆಟ್ಟು, ಹಾಗಾಗಿ ಮೂಲೆ ಮೊದಲು ಸವೆದು ಪೆಟ್ಟಿಗೆ ಉಂಡೆ ಆಗುತ್ತದೆ. ಆ ಕೊಳೆತ ಸಿಪ್ಪೆಯೇ ಮುಂದೆ ನಿಮ್ಮ ಎರೆಮಣ್ಣು.

ಬೆಳಗಾವಿಯಿಂದ ಸ್ವಲ್ಪ ಮೇಲೆ ಹೋದರೆ ಕೊಲ್ಲಾಪುರದ ಪನ್ಹಾಳ ಕಡೆಯ ಬಾಂದಿವಡೆಯಲ್ಲಿ ಚೆಂದದ ಬಸಾಲ್ಟ್ ಕಂಬಗಳಿವೆ. ಮುಂಬೈ ಅಂಧೇರಿಯ ಗಿಲ್ಬರ್ಟ್ ಹಿಲ್ ಕೂಡ ಅದೇ ಜಾತಿ, ಸುಮಾರು 6.6 ಕೋಟಿ ವರ್ಷ ಹಳೆಯದು.

ಅಂಧೇರಿಅಣ್ಣ
ಗಿಲ್ಬರ್ಟ್ ಹಿಲ್ ಅಂದ ಕೂಡಲೇ ಬಂದೆ. ನಾನು ಉಡುಪಿ ಕಡೆಯವನು, ಅಂಧೇರಿಯಲ್ಲಿ ಹೋಟೆಲಿನಲ್ಲಿ ಕೆಲಸ ಮಾಡುತ್ತಾ ಇಪ್ಪತ್ತು ವರ್ಷ ಆ ಗುಡ್ಡದ ಪಕ್ಕದಲ್ಲೇ ಇದ್ದೆ. ಸುಮಾರು 200 ಅಡಿ ನೆಟ್ಟಗೆ ನಿಂತ ಕಪ್ಪು ಗೋಡೆ. ಮೇಲೆ ದೇವಸ್ಥಾನ. ಸುತ್ತ ಜೋಪಡಿ, ಬಿಲ್ಡಿಂಗು. ನಾನು ಅದನ್ನು ಯಾರೋ ಅರ್ಧ ಕಡಿದು ಬಿಟ್ಟ ಕ್ವಾರಿ ಅಂದುಕೊಂಡಿದ್ದೆ.

ಗುಂಡುಕಲ್ಲು
ಅಂದುಕೊಂಡಿದ್ದು ಸರಿಯೇ! ಸುತ್ತಲಿನ ಕಲ್ಲನ್ನು ಕಡಿದು ಸಾಗಿಸಿದ ಮೇಲೆ ಉಳಿದ ತುಂಡು ಅದು. ಮಲ್ಪೆಯಲ್ಲಿ ಮುಚ್ಚಳ ತೆಗೆದದ್ದು ಅಲೆ, ಅಂಧೇರಿಯಲ್ಲಿ ಕಂಟ್ರಾಕ್ಟರು. ಕ್ಯಾಲಿಫೋರ್ನಿಯಾದ ಡೆವಿಲ್ಸ್ ಪೋಸ್ಟ್‌ಪೈಲ್‌ನಲ್ಲಿ ಹಿಮನದಿ. ಅಲ್ಲಿ ಹಿಮ ಕಂಬಗಳ ತಲೆಯನ್ನು ಎಷ್ಟು ನುಣ್ಣಗೆ ಉಜ್ಜಿದೆ ಅಂದರೆ ಮೇಲೆ ಹತ್ತಿದರೆ ಟೈಲ್ಸ್ ಹಾಕಿದ ಅಂಗಳದ ಹಾಗೆ ಕಾಣುತ್ತದೆ.

ಬೆಲ್‌ಫಾಸ್ಟ್_ಭಾಗ್ಯ
ಜೈಂಟ್ಸ್ ಕಾಸ್‌ವೇ ಹೆಸರು ಬಂತು, ನಾನೂ ಬಂದೆ. ಮನೆಗೆ ನೆಂಟರು ಬಂದಾಗಲೆಲ್ಲ ಅಲ್ಲಿಗೆ ಕರೆದುಕೊಂಡು ಹೋಗುವುದು ನನ್ನ ಹಣೆಬರಹ. ಸುಮಾರು 40,000 ಕಂಬ. ದೈತ್ಯ ಫಿನ್ ಮೆಕೂಲ್ ಸ್ಕಾಟ್ಲೆಂಡಿಗೆ ಹೋಗಲು ಹಾಕಿದ ದಾರಿ ಅಂತ ಅವರ ಕಥೆ. ನಮ್ಮಲ್ಲಿ ಆಗಿದ್ದರೆ ಭೀಮನ ಲೆಕ್ಕಕ್ಕೆ ಹೋಗುತ್ತಿತ್ತು.

ಒಂದು ವಿಷಯ ನೋಡಿದ್ದೇನೆ. ಕೆಲವು ಕಂಬದ ತಲೆ ತಟ್ಟೆಯ ಹಾಗೆ ತಗ್ಗಾಗಿದೆ, ಮಳೆ ಬಂದ ಮೇಲೆ ಒಂದೊಂದರಲ್ಲೂ ನೀರು ನಿಂತಿರುತ್ತದೆ. ಪಕ್ಕದ್ದು ಉಬ್ಬಿಕೊಂಡಿರುತ್ತದೆ. ಒಂದರ ಮೇಲೆ ಒಂದು ಮಂಡಿಚಿಪ್ಪಿನ ಹಾಗೆ ಕೂರುತ್ತದಂತೆ. ಆ ಉಬ್ಬಿನ ಮೇಲೆ ಕಾಲಿಟ್ಟು ನಮ್ಮತ್ತೆ ಜಾರಿ ಕೂತುಬಿಟ್ಟರು, ಇವತ್ತಿಗೂ ಆ ಟ್ರಿಪ್ಪಿನ ಮಾತೆತ್ತುವ ಹಾಗಿಲ್ಲ.

ಆಮೇಲೆ ನಾಣ್ಯದ ಹುಚ್ಚು. ಬಂದವರೆಲ್ಲ ಬಿರುಕಿನಲ್ಲಿ ನಾಣ್ಯ ತುರುಕುತ್ತಾರೆ, ಅದೃಷ್ಟ ಅಂತ. ಅದು ತುಕ್ಕು ಹಿಡಿದು ಉಬ್ಬಿ ಕಲ್ಲಿನ ಅಂಚನ್ನೇ ಸಿಡಿಸುತ್ತದೆ. ಹಾಕಬೇಡಿ ಅಂತ ನೋಡಿಕೊಳ್ಳುವವರು ಬೇಡಿಕೊಳ್ಳುತ್ತಿದ್ದಾರೆ.

ಬಂದರುಬಾಬಣ್ಣ
ನಮ್ಮಲ್ಲಿ ನಾಣ್ಯ ಹಾಕಲ್ಲ. ಹೆಸರು ಗೀಚುತ್ತಾರೆ, ಬಾಟಲಿ ತುರುಕುತ್ತಾರೆ. ಒಂದು ಸಲ ಟೂರ್ ಗುಂಪಿನವನೊಬ್ಬ ನೆನಪಿಗೆ ಬೇಕು ಅಂತ ಕಂಬದ ತುಂಡನ್ನೇ ಬ್ಯಾಗಿಗೆ ಹಾಕಿಕೊಂಡಿದ್ದ. ಬೋಟಿನಿಂದ ಇಳಿಸಿ ವಾಪಸ್ ಇಡಿಸಿದೆ. ಬೈದ. ಬೈಯಲಿ.

ರಾಸಾಯನಿಕ_ರಾಜಿ
ಎಲ್ಲರೂ ಮುಖ್ಯ ವಿಷಯ ಬಿಟ್ಟಿದ್ದೀರಿ. ಮಲ್ಪೆಯದು ಬಸಾಲ್ಟ್ ಅಲ್ಲ!! ಟೂರಿಸ್ಟ್ ಬರಹಗಳಲ್ಲೆಲ್ಲ ಬಸಾಲ್ಟ್ ಅಂತಲೇ ಹಾಕುತ್ತಾರೆ. ಅದು ರಯೋಲೈಟ್, ಡೇಸೈಟ್ ಗುಂಪಿನ ಕಲ್ಲು. ಬಸಾಲ್ಟ್‌ನಲ್ಲಿ ಸಿಲಿಕಾ ಸುಮಾರು 45ರಿಂದ 52 ಶೇಕಡಾ. ಡೇಸೈಟ್‌ನಲ್ಲಿ 63ರ ಮೇಲೆ, ರಯೋಲೈಟ್‌ನಲ್ಲಿ ಇನ್ನೂ ಜಾಸ್ತಿ. ಸಿಲಿಕಾ ಹೆಚ್ಚಿದಷ್ಟೂ ಲಾವಾ ಅಂಟಂಟು. ಬಸಾಲ್ಟ್ ಲಾವಾ ಬೆಲ್ಲದ ಪಾಕದ ಹಾಗೆ ಓಡುತ್ತದೆ. ಇದು ಗಟ್ಟಿ ಹಲ್ವಾ.

ಸುಮ್ನೆಬಂದೆ
ಇಷ್ಟು ಹೊತ್ತು ಬಸಾಲ್ಟ್ ಬಸಾಲ್ಟ್ ಅಂತ ಕೇಳಿಸಿಕೊಂಡದ್ದು ವ್ಯರ್ಥವಾ?

ಪುಟಾಣಿಪ್ರೊಫೆಸರ್
ವ್ಯರ್ಥ ಅಲ್ಲ. ಕುಗ್ಗಿ ಒಡೆಯುವ ಲೆಕ್ಕಕ್ಕೆ ಕಲ್ಲಿನ ಜಾತಿ ಬೇಕಿಲ್ಲ. ಅಮೆರಿಕದ ಡೆವಿಲ್ಸ್ ಟವರ್ ಕೂಡ ಬಸಾಲ್ಟ್ ಅಲ್ಲ, ಫೋನೊಲೈಟ್. ಅಲ್ಲೂ ಕಂಬ ಇದೆ. ಬಸಾಲ್ಟ್ ಜಗತ್ತಿನಲ್ಲಿ ಜಾಸ್ತಿ ಇರುವುದರಿಂದ ಅದರ ಹೆಸರು ಅಂಟಿಕೊಂಡಿದೆ, ಅಷ್ಟೇ. ಕಲ್ಲೇ ಬೇಕು ಅಂತಲೂ ಇಲ್ಲ. ಕಾರ್ನ್‌ಫ್ಲೋರ್ ಸಾಕು.

ಸುಮ್ನೆಬಂದೆ
ಗೋಬಿ ಮಂಚೂರಿಗೆ ಹಾಕುವ ಕಾರ್ನ್‌ಫ್ಲೋರಾ?

ಪುಟಾಣಿಪ್ರೊಫೆಸರ್
ಅದೇ. ತಮಾಷೆಯಲ್ಲ, ಟೊರಾಂಟೊ ವಿಶ್ವವಿದ್ಯಾಲಯದ ಭೌತವಿಜ್ಞಾನಿಗಳು ಅದರ ಮೇಲೇ ಕೆಲಸ ಮಾಡಿದ್ದಾರೆ. ಸಮ ತೂಕದ ಕಾರ್ನ್‌ಫ್ಲೋರ್, ನೀರು ಕಲಸಿ ಲೋಟಕ್ಕೆ ಹಾಕಿ, ಮೇಲೆ ಬಲ್ಬ್ ಇಟ್ಟು ದಿನಗಟ್ಟಲೆ ಒಣಗಿಸಿ. ಲಾವಾ ಶಾಖ ಕಳೆದುಕೊಂಡು ಕುಗ್ಗುತ್ತದೆ, ಹಿಟ್ಟು ನೀರು ಕಳೆದುಕೊಂಡು ಕುಗ್ಗುತ್ತದೆ. ಮೊದಲು ಮೇಲೆ ದೊಡ್ಡ ದೊಡ್ಡ ಬಿರುಕು ಬರುತ್ತದೆ, ಅದನ್ನು ನೋಡಿ ನಿರಾಸೆ ಪಡಬೇಡಿ. ಕಂಬ ಒಳಗಿರುತ್ತದೆ, ಒಡೆದಾಗಲೇ ಕಾಣುವುದು. ಕಿಟ್ಟಿಯವರೇ, ಮಗಳಿಗೆ ಎರಡು ಲೋಟ ಕೊಡಿ. ಒಂದು ಬಲ್ಬಿನ ಹತ್ತಿರ, ಒಂದು ದೂರ.

ಇತಿಹಾಸದಹುಳ
ಈ ನೀರಿನ ಜಗಳ ನಿಮ್ಮದೇ ಮೊದಲಲ್ಲ. 18ನೇ ಶತಮಾನದಲ್ಲಿ ಯುರೋಪಿನಲ್ಲಿ ಇದೇ ಆಗಿತ್ತು. ಬಸಾಲ್ಟ್ ಆದಿಸಮುದ್ರದ ನೀರಿನಿಂದ ತಳಕ್ಕೆ ಇಳಿದ ಕಲ್ಲು ಅಂತ ಜರ್ಮನಿಯ ವೆರ್ನರ್ ಮತ್ತವನ ಶಿಷ್ಯರು. ಬೆಂಕಿಯದ್ದು ಅಂತ ಇನ್ನೊಂದು ಗುಂಪು. ಫ್ರಾನ್ಸಿನ ದೆಮಾರೆ 1763ರಲ್ಲಿ ಓವರ್ನ್ ಪ್ರಾಂತ್ಯದಲ್ಲಿ ಓಡಾಡುವಾಗ ಕಂಬದ ಕಲ್ಲು ಕಂಡ. ಅದರ ಜಾಡು ಹಿಡಿದು, ಅದು ಹಳೆಯ ಜ್ವಾಲಾಮುಖಿಯ ಲಾವಾ ಹರಿವಿನದ್ದೇ ಅಂತ ತೋರಿಸಿದ. ಆದರೂ ಜಗಳ ದಶಕಗಟ್ಟಲೆ ನಡೆಯಿತು.

ಬಂದರುಬಾಬಣ್ಣ
ಹಾಗಾದರೆ ನಾನು ವೆರ್ನರ್ ಪಾರ್ಟಿ. ಇನ್ನೂ ಒಪ್ಪಿಲ್ಲ.

ಹಂಪಿಹುಡುಗ
ಬೋಟ್ ಮಳೆಗಾಲದಲ್ಲಿ ಇರುತ್ತಾ?

ಬಂದರುಬಾಬಣ್ಣ
ಇಲ್ಲ. ಕಡಲು ಒರಟು. ಮಳೆ ಮುಗಿದ ಮೇಲೆ ಬನ್ನಿ.

ಕಡಲತಡಿ_ಕಿಟ್ಟಿ
(ಒಂಬತ್ತು ದಿನ ಆದ ಮೇಲೆ)

ಪ್ರಯೋಗ ಮುಗಿಯಿತು. ಅಡುಗೆಮನೆಯ ಎರಡು ಸ್ಟೀಲ್ ಲೋಟ ಹೋಯಿತು, ಹೆಂಡತಿ ಇದಕ್ಕೆಲ್ಲ ನಿಮ್ಮ ಗುಂಪೇ ಕಾರಣ ಅಂತಿದ್ದಾಳೆ. ಐದನೇ ದಿನ ಮೇಲೆ ಬರೀ ಕೆರೆ ಅಂಗಳದಂಥ ಬಿರುಕು. ನಾನು ಬಿಸಾಡೋಣ ಅಂದೆ, ಮಗಳು ಬಿಡಲಿಲ್ಲ.

ನಿನ್ನೆ ಲೋಟ ಬೋರಲು ಹಾಕಿ ತಟ್ಟಿದಳು. ದೊಡ್ಡ ಹೆಂಟೆ ಬಿತ್ತು. ಕೈಯಲ್ಲಿ ಹಿಡಿದು ಮೆಲ್ಲಗೆ ಮುರಿದಳು. ಒಳಗೆ ಕಡ್ಡಿ ಕಡ್ಡಿಯಾಗಿ ನಿಂತಿತ್ತು, ಬಿಳಿ ಸೀಮೆಸುಣ್ಣದ ಸಣ್ಣ ತುಂಡುಗಳನ್ನು ಒತ್ತೊತ್ತಾಗಿ ನಿಲ್ಲಿಸಿದ ಹಾಗೆ. ಬಲ್ಬಿನ ಹತ್ತಿರದ ಲೋಟದ್ದು ಬೆಂಕಿಕಡ್ಡಿಯಷ್ಟು ಸಣ್ಣ. ದೂರದ ಲೋಟದ್ದು ಪೆನ್ಸಿಲ್ ಹತ್ತಿರ ಬರುತ್ತದೆ. ಭೂತಗನ್ನಡಿ ಹಿಡಿದು 30 ಎಣಿಸಿದ್ದಾಳೆ: ಆರು ಮೂಲೆ 13, ಐದು ಮೂಲೆ 11, ನಾಲ್ಕು 4, ಏಳು 2. ಮೇಷ್ಟ್ರಿಗೆ ಹೇಳಿ ಅಂದಳು.

ಲೆಕ್ಕದಮೇಷ್ಟ್ರು
ನಾನು ಹೇಳಲಿಲ್ಲವಾ! ಫೋಟೋ ಹಾಕಿ. ಮತ್ತೆ ಆ ಏಳು ಮೂಲೆಯ ಎರಡನ್ನು ಎತ್ತಿಡಿ, ಪುಡಿ ಮಾಡಬೇಡಿ.

ಕಡಲತಡಿ_ಕಿಟ್ಟಿ
ತಡ ಆಯಿತು ಮೇಷ್ಟ್ರೇ. ಅಜ್ಜಿ ರಂಗೋಲಿ ಪುಡಿ ಅಂದುಕೊಂಡು ಬಳಿದು ಡಬ್ಬಿಗೆ ಹಾಕಿದ್ದಾರೆ.